ಮೊದಲ ದೀರ್ಘ ಟ್ರಯಾಥ್ಲಾನ್: ಗಡುವಿನಿಂದ ಹಿಂದಕ್ಕೆ ಎಣಿಸುವ ಸಿದ್ಧತೆ

'ಟ್ರಯಾಥ್ಲಾನ್' ಎಂಬ ಪದದ ಮೊದಲ ಭಾಗ ನಮಗೆ ಅಪರಿಚಿತವಲ್ಲ. ಗ್ರೀಕಿನ 'ತ್ರಿ' ಮತ್ತು ಸಂಸ್ಕೃತದ ಮೂಲಕ ಕನ್ನಡಕ್ಕೆ ಬಂದ 'ತ್ರಿ' ಒಂದೇ ಭಾಷಾವಂಶದ ಸೋದರಪದಗಳು. ಉತ್ತರಾರ್ಧವು ಸ್ಪರ್ಧೆ ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ. 'ಅಥ್ಲೀಟ್' ಎಂಬ ಪದದ ಮೂಲವೂ ಅದೇ. ಈಜು, ಸೈಕಲ್ ಸವಾರಿ, ಓಟ ಎಂಬ ಮೂರನ್ನೂ ಇದೇ ಅನುಕ್ರಮದಲ್ಲಿ, ಗಡಿಯಾರ ನಿಲ್ಲದಂತೆ, ಒಂದೇ ದಿನ ಪೂರೈಸಬೇಕಾದ ಸ್ಪರ್ಧೆಯೇ ಟ್ರಯಾಥ್ಲಾನ್. ಹೆಸರನ್ನು ಬಿಡಿಸಿ ಹೇಳುವುದು ಸುಲಭ. ಮೊದಲ ಬಾರಿಗೆ ದೀರ್ಘ ದೂರದ ಸ್ಪರ್ಧೆಗೆ ಹೊರಟವರು ಅದಕ್ಕೆ ಸಿದ್ಧರಾಗುವುದು ಹೇಗೆ ಎಂಬುದನ್ನು ಕನ್ನಡದಲ್ಲಿ ವಿವರಿಸಿದ ಬರಹಗಳು ಕಡಿಮೆ. ಆ ಸಿದ್ಧತೆಯ ಲೆಕ್ಕವನ್ನು ಹಂತಹಂತವಾಗಿ ಬಿಡಿಸಿ ಇಡುವುದು ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ

ದೀರ್ಘ ಟ್ರಯಾಥ್ಲಾನಿನ ಕಥೆ ಆರಂಭವಾಗುವುದು ಹವಾಯಿ ದ್ವೀಪಸಮೂಹದ ಓವಾಹು ದ್ವೀಪದಲ್ಲಿ. ಈಜುಗಾರ, ಓಟಗಾರ, ಸೈಕಲ್ ಸವಾರ ಇವರಲ್ಲಿ ಯಾರು ಹೆಚ್ಚು ಕಸುವುಳ್ಳವರು ಎಂಬ ಚರ್ಚೆ ಅಲ್ಲಿಯ ಕ್ರೀಡಾಪಟುಗಳ ನಡುವೆ ನಡೆದಾಗ, ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ದ್ವೀಪದಲ್ಲಿ ಬೇರೆಬೇರೆಯಾಗಿ ನಡೆಯುತ್ತಿದ್ದ ಮೂರು ಸ್ಪರ್ಧೆಗಳನ್ನು ಒಂದೇ ದಿನದಲ್ಲಿ ಜೋಡಿಸುವ ಸಲಹೆಯಿತ್ತರು. ಅವರೂ ಪತ್ನಿ ಜೂಡಿ ಕಾಲಿನ್ಸ್ ಅವರೂ ಸೇರಿ ಅದನ್ನು ಕಾರ್ಯರೂಪಕ್ಕೆ ತಂದರು. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, 42.2 ಕಿಲೋಮೀಟರ್ ಓಟ ಎಂಬ ದೂರಗಳು ಹೀಗೆ ನಿಗದಿಯಾದವು. 1978ರ ಫೆಬ್ರವರಿ 18ರಂದು 15 ಮಂದಿ ಹೊರಟು 12 ಮಂದಿ ಗುರಿ ಮುಟ್ಟಿದರು. ಗೆದ್ದವರು ಗಾರ್ಡನ್ ಹಾಲರ್.

ಆ ದಿನ ಎರಡನೆಯವರಾಗಿ ಬಂದ ಜಾನ್ ಡನ್‌ಬಾರ್ ಅವರ ಪ್ರಸಂಗ ನಮ್ಮ ವಿಷಯಕ್ಕೆ ಹತ್ತಿರವಾದುದು. ಸೈಕಲ್ ಇಳಿದು ಓಟ ಆರಂಭಿಸುವಾಗ ಅವರೇ ಮುಂದಿದ್ದರು. ಆದರೆ ದಾರಿಯಲ್ಲಿ ಅವರ ಸಹಾಯಕರ ಬಳಿ ನೀರು ಮುಗಿದುಹೋಯಿತು. ಅವರಿಗೆ ನೀರಿನ ಬದಲು ಬಿಯರ್ ಕೊಡಲಾಯಿತು. ದೀರ್ಘ ಟ್ರಯಾಥ್ಲಾನಿನಲ್ಲಿ ದೇಹದ ಬಲದಷ್ಟೇ ವ್ಯವಸ್ಥೆಯ ಬಲವೂ ಬೇಕು ಎಂಬುದು ಅದರ ಮೊದಲ ದಿನವೇ ಸಿದ್ಧವಾಗಿತ್ತು.

ಮುಂದೆ ಇದರ ಅರ್ಧ ದೂರದ ಸ್ಪರ್ಧೆಗಳೂ ಬೆಳೆದವು. 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಒಟ್ಟು 70.3 ಮೈಲಿಯಾಗುವುದರಿಂದ 'ಐರನ್‌ಮ್ಯಾನ್ 70.3' ಎಂಬ ಹೆಸರು. ಈ ಸ್ಪರ್ಧೆ ಭಾರತದಲ್ಲಿ ಮೊದಲ ಬಾರಿಗೆ ನಡೆದುದು 2019ರ ಅಕ್ಟೋಬರಿನಲ್ಲಿ, ಗೋವೆಯ ಪಣಜಿಯಲ್ಲಿ. ಈಜು ಮೀರಾಮಾರ್ ಕಡಲತೀರದಲ್ಲಿ. ಕಾಸರಗೋಡಿನಿಂದ ಉತ್ತರಕ್ಕೆ ಹೊರಟು ಕೊಂಕಣ ರೈಲಿನಲ್ಲಿ ಮಡಗಾಂವ್ ತಲುಪುವ ನಮ್ಮ ವಿದ್ಯಾರ್ಥಿಗೆ ಹವಾಯಿ ದೂರವಾದರೂ ಗೋವೆ ದೂರವಲ್ಲ. ಆದುದರಿಂದ ಇದೇ ಸ್ಪರ್ಧೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಮುಂದುವರಿಯೋಣ. ಸ್ಪರ್ಧೆಯ ದಿನಕ್ಕೆ 18 ವರ್ಷ ತುಂಬಿರಬೇಕೆಂಬ ನಿಯಮವನ್ನು ಮೊದಲೇ ಗಮನಿಸಬೇಕು.

ಗಡುವಿನಿಂದ ಹಿಂದಕ್ಕೆ

ಹೊಸಬರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಎಷ್ಟು ವೇಗವಾಗಿ ಹೋಗಬೇಕು ಎಂಬುದು. ಮೊದಲ ಸ್ಪರ್ಧೆಯ ಮಟ್ಟಿಗೆ ಸರಿಯಾದ ಪ್ರಶ್ನೆ, ಎಷ್ಟು ನಿಧಾನವಾಗಿ ಹೋದರೂ ಗುರಿ ಮುಟ್ಟಬಹುದು ಎಂಬುದು. ಉತ್ತರ ಗಡುವುಗಳಲ್ಲಿದೆ. ಈ ದೂರದ ಸ್ಪರ್ಧೆಯಲ್ಲಿ ವಾಡಿಕೆಯ ಗಡುವುಗಳು ಇವು: ಈಜಿಗೆ 1 ಗಂಟೆ 10 ನಿಮಿಷ, ಈಜಿನ ಆರಂಭದಿಂದ ಸೈಕಲ್ ಭಾಗದ ಅಂತ್ಯದವರೆಗೆ 5 ಗಂಟೆ 30 ನಿಮಿಷ, ಒಟ್ಟು 8 ಗಂಟೆ 30 ನಿಮಿಷ. ಆಯಾ ವರ್ಷದ ಕೈಪಿಡಿಯಲ್ಲಿ ಇವುಗಳನ್ನು ತಪ್ಪದೆ ಪರಿಶೀಲಿಸಬೇಕು.

ಈಗ ಭಾಗಿಸಿ ನೋಡೋಣ. 1,900 ಮೀಟರನ್ನು 70 ನಿಮಿಷದಲ್ಲಿ ಈಜುವುದೆಂದರೆ ಪ್ರತಿ 100 ಮೀಟರಿಗೆ 3 ನಿಮಿಷ 41 ಸೆಕೆಂಡು. ನೀರಿನಿಂದ ಬಂದು ಸೈಕಲ್ ಏರಲು 10 ನಿಮಿಷ ಕಳೆದರೆ 90 ಕಿಲೋಮೀಟರಿಗೆ ಉಳಿಯುವುದು 250 ನಿಮಿಷ. ಅಂದರೆ ಗಂಟೆಗೆ 21.6 ಕಿಲೋಮೀಟರ್. ಮತ್ತೆ 10 ನಿಮಿಷ ಕಳೆದರೆ ಓಟಕ್ಕೆ 170 ನಿಮಿಷ. ಕಿಲೋಮೀಟರಿಗೆ 8 ನಿಮಿಷ 3 ಸೆಕೆಂಡು. ಬಿಡಿಬಿಡಿಯಾಗಿ ನೋಡಿದರೆ ಇವು ಹೆದರಿಸುವ ಅಂಕಿಗಳಲ್ಲ. ಕಷ್ಟವಿರುವುದು ಒಂದರ ಮೇಲೊಂದು ಬರುವುದರಲ್ಲಿ.

ಗಡುವಿನ ಅಂಚಿನಲ್ಲೇ ನಡೆಯುವುದು ಜಾಣತನವಲ್ಲವಾದುದರಿಂದ ಯೋಜನೆಯಲ್ಲಿ ಸ್ವಲ್ಪ ಅವಕಾಶ ಬಿಟ್ಟುಕೊಳ್ಳಬೇಕು. ಒಂದು ಮಾದರಿ ಹೀಗಿರಬಹುದು: ಈಜಿಗೆ 55 ನಿಮಿಷ, ಮೊದಲ ಬದಲಾವಣೆಗೆ 8 ನಿಮಿಷ, ಗಂಟೆಗೆ 24 ಕಿಲೋಮೀಟರಿನಂತೆ ಸೈಕಲ್‌ಗೆ 3 ಗಂಟೆ 45 ನಿಮಿಷ, ಎರಡನೆಯ ಬದಲಾವಣೆಗೆ 7 ನಿಮಿಷ, ಓಟಕ್ಕೆ 2 ಗಂಟೆ 45 ನಿಮಿಷ. ಒಟ್ಟು 7 ಗಂಟೆ 40 ನಿಮಿಷ. ಸೈಕಲ್ ಇಳಿಯುವಾಗ ಗಡುವಿಗೆ 42 ನಿಮಿಷ, ಕೊನೆಯಲ್ಲಿ 50 ನಿಮಿಷ ಕೈಯಲ್ಲಿ ಉಳಿದಿರುತ್ತವೆ. ಒಂದು ಪಂಕ್ಚರ್, ಒಂದು ಸ್ನಾಯುಸೆಳೆತ, ಮಧ್ಯಾಹ್ನದ ಬಿಸಿಲು ಇವು ನುಂಗುವುದು ಈ ಉಳಿಕೆಯನ್ನೇ. ಮುಂದೆ ಬರುವ ಎಲ್ಲ ಅಭ್ಯಾಸವೂ ಈ ಪಟ್ಟಿಯನ್ನು ಸಾಧ್ಯವಾಗಿಸಲು ಇದೆ.

ವಾರಗಳ ಹಂಚಿಕೆ

400 ಮೀಟರ್ ನಿಲ್ಲದೆ ಈಜಬಲ್ಲ, 5 ಕಿಲೋಮೀಟರ್ ಓಡಬಲ್ಲ, ಸೈಕಲ್ ರೂಢಿಯುಳ್ಳ ಆರೋಗ್ಯವಂತರಿಗೆ 20 ವಾರಗಳ ಸಿದ್ಧತೆ ಸಮಂಜಸ. ಈಜು ಬಾರದವರು ಮೊದಲು ಶಿಕ್ಷಕರಿಂದ ಈಜು ಕಲಿತು, ಸ್ಪರ್ಧೆಯನ್ನು ಒಂದು ವರ್ಷ ಮುಂದಕ್ಕೆ ಹಾಕುವುದು ಒಳ್ಳೆಯದು. ಎಲ್ಲರೂ ಆರಂಭದಲ್ಲೇ ವೈದ್ಯರನ್ನು ಕಾಣಬೇಕು. ಎದೆನೋವು, ತಲೆಸುತ್ತಿ ಬಿದ್ದ ಅನುಭವ, ಕುಟುಂಬದಲ್ಲಿ ಎಳವೆಯ ಹೃದ್ರೋಗ ಇವುಗಳಲ್ಲಿ ಒಂದಿದ್ದರೂ ಮುಚ್ಚಿಡದೆ ಹೇಳಬೇಕು.

ಸ್ಪರ್ಧೆ ನವೆಂಬರ್ ಎರಡನೆಯ ವಾರದಲ್ಲಿದೆ ಎಂದುಕೊಂಡರೆ, 20 ವಾರ ಹಿಂದಕ್ಕೆ ಎಣಿಸಿದಾಗ ಸಿಗುವುದು ಜೂನ್ ನಾಲ್ಕನೆಯ ವಾರ. ಅಂದರೆ ಕರಾವಳಿಯ ಅಭ್ಯಾಸಿಗೆ ಸಿದ್ಧತೆಯ ಬಹುಪಾಲು ಮಳೆಗಾಲದಲ್ಲೇ ಸಾಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಕಡಲಿಗೆ ಇಳಿಯುವಂತಿಲ್ಲ, ಉಕ್ಕಿ ಹರಿಯುವ ಹೊಳೆಗೂ ಇಳಿಯುವಂತಿಲ್ಲ. ರಸ್ತೆಯ ಗುಂಡಿಗಳು ನೀರಿನಡಿ ಅಡಗಿರುತ್ತವೆ. ಆ ತಿಂಗಳುಗಳಲ್ಲಿ ಈಜು ಕೊಳದಲ್ಲೇ ನಡೆಯಬೇಕು; ಸಾಧ್ಯವಾದರೆ ಸೈಕಲ್‌ನ ಹಿಂಗಾಲಿಯನ್ನು ಉಪಕರಣಕ್ಕೆ ಜೋಡಿಸಿ ಮನೆಯೊಳಗೇ ತುಳಿಯಬೇಕು. ಸೊಲ್ಲಾಪುರ, ರಾಯದುರ್ಗಗಳ ಕಡೆಯವರಿಗೆ ಮಳೆಯ ತೊಡಕು ಕಡಿಮೆ. ಕೊಳ ಹುಡುಕುವ ತೊಡಕು ಹೆಚ್ಚು. ನೀಲಗಿರಿಯವರಿಗೆ ಏರುದಾರಿಯ ಅಭ್ಯಾಸ ಸಹಜವಾಗಿ ಸಿಗುತ್ತದೆ. ಸೆಕೆಯ ಅಭ್ಯಾಸ ಸಿಗುವುದಿಲ್ಲ. ತಮ್ಮ ಊರು ಕೊಡದಿರುವುದು ಯಾವುದು ಎಂದು ಮೊದಲೇ ತಿಳಿದವರು ಅದಕ್ಕೆ ಬೇರೆ ದಾರಿ ಹುಡುಕಬಲ್ಲರು.

ಮೊದಲ 8 ವಾರ ಅಡಿಪಾಯದವು. ವಾರಕ್ಕೆ ಐದಾರು ಗಂಟೆ, ಮಾತನಾಡುತ್ತಾ ಹೋಗಬಹುದಾದಷ್ಟು ಸಲೀಸಾದ ವೇಗದಲ್ಲಿ. ಮುಂದಿನ 10 ವಾರಗಳಲ್ಲಿ ಇದು ಎಂಟೊಂಬತ್ತು ಗಂಟೆಗೆ ಏರುತ್ತದೆ. ವಾರದಲ್ಲಿ ಎರಡು ಈಜು, ಎರಡು ಸೈಕಲ್, ಎರಡು ಮೂರು ಓಟ, ಒಂದು ದಿನ ಪೂರ್ಣ ವಿಶ್ರಾಂತಿ. ಪ್ರತಿ ನಾಲ್ಕನೆಯ ವಾರ ಭಾರವನ್ನು ಮೂರನೆಯ ಒಂದು ಪಾಲು ಇಳಿಸಬೇಕು. ದೇಹ ಗಟ್ಟಿಯಾಗುವುದು ವಿಶ್ರಾಂತಿಯಲ್ಲೇ. ಸ್ಪರ್ಧೆಗೆ ಮೂರು ವಾರ ಇರುವಾಗ 2,000 ಮೀಟರ್ ಈಜು, 80ರಿಂದ 90 ಕಿಲೋಮೀಟರ್ ಸವಾರಿ, 16ರಿಂದ 18 ಕಿಲೋಮೀಟರ್ ಓಟ ಇವನ್ನು ಬೇರೆಬೇರೆ ದಿನಗಳಲ್ಲಿ ಮಾಡಿ ಮುಗಿಸಿರಬೇಕು. ಕೊನೆಯ 2 ವಾರ ಇಳಿಕೆಯ ಅವಧಿ. ಆಗ ಹೊಸ ಶಕ್ತಿ ಗಳಿಸಲಾಗದು. ದಣಿವನ್ನು ಮಾತ್ರ ಕಳೆದುಕೊಳ್ಳಬಹುದು.

ಸೆಮಿಸ್ಟರ್ ಪರೀಕ್ಷೆಗಳ ದಿನಗಳನ್ನು ಇದೇ ಕ್ಯಾಲೆಂಡರಿನಲ್ಲಿ ಮೊದಲೇ ಗುರುತಿಸಿಡಬೇಕು. ಪರೀಕ್ಷೆಯ ವಾರವನ್ನು ಇಳಿಕೆಯ ವಾರಕ್ಕೆ ಹೊಂದಿಸಿದರೆ ಎರಡಕ್ಕೂ ನ್ಯಾಯ ಸಲ್ಲುತ್ತದೆ.

ನೀರಿನಲ್ಲಿ

ಅಮೆರಿಕದಲ್ಲಿ 1985ರಿಂದ 2016ರವರೆಗೆ ಟ್ರಯಾಥ್ಲಾನ್‌ಗಳಲ್ಲಿ ಸಂಭವಿಸಿದ ಸಾವುಗಳನ್ನು ಅಧ್ಯಯನ ಮಾಡಿದ ವೈದ್ಯರು, ಅವುಗಳಲ್ಲಿ ಹೆಚ್ಚಿನವು ಈಜಿನ ಭಾಗದಲ್ಲೇ ನಡೆದಿರುವುದನ್ನು ಕಂಡರು. ಮೂರರಲ್ಲಿ ಅತಿ ಚಿಕ್ಕ ಭಾಗವಾದರೂ ಅತಿ ಎಚ್ಚರ ಬೇಡುವುದು ಅದೇ. ರಸ್ತೆಯಲ್ಲಿ ದಣಿದವರು ನಿಲ್ಲಬಹುದು. ನೀರಿನಲ್ಲಿ ನಿಲ್ಲಲು ನೆಲವಿಲ್ಲ.

ಕೊಳದ ಈಜಿಗೂ ಕಡಲ ಈಜಿಗೂ ಅಂತರವಿದೆ. ಕಡಲಲ್ಲಿ ಪ್ರತಿ 25 ಮೀಟರಿಗೆ ಕೈ ಊರಲು ಗೋಡೆಯಿಲ್ಲ, ತಳದಲ್ಲಿ ಕಪ್ಪು ಗೆರೆಯಿಲ್ಲ. ಆರರಿಂದ ಹತ್ತು ಬೀಸುಗಳಿಗೊಮ್ಮೆ ಕಣ್ಣುಗಳಷ್ಟನ್ನೇ ನೀರಿನಿಂದ ಮೇಲೆತ್ತಿ ದೂರದ ತೇಲುಗುರುತನ್ನು ನೋಡಿಕೊಳ್ಳಬೇಕು. ಇಲ್ಲವಾದರೆ 1,900 ಮೀಟರಿನ ದಾರಿ ಅಂಕುಡೊಂಕಾಗಿ ಬಹಳ ಉದ್ದವಾಗುತ್ತದೆ. ಈ ಕೌಶಲವನ್ನು ಕೊಳದಲ್ಲೇ ರೂಢಿಸಿಕೊಳ್ಳಬಹುದು. ಎರಡೂ ಬದಿಗೆ ಉಸಿರು ತೆಗೆದುಕೊಳ್ಳುವುದನ್ನು ಕಲಿತರೆ ಅಲೆ ಯಾವ ಕಡೆಯಿಂದ ಬಂದರೂ ತೊಂದರೆಯಾಗದು. ಸುತ್ತಲಿನ ಕೈಕಾಲುಗಳು ತಾಗಿದಾಗ ಗಾಬರಿಯಾಗುವುದು ಸಹಜ. ಆಗ ಬೆನ್ನ ಮೇಲೆ ಮಲಗಿ ತೇಲುತ್ತಾ ಉಸಿರು ಸಮವಾಗುವವರೆಗೆ ಕಾಯಬೇಕು, ಅಥವಾ ಕೈ ಎತ್ತಿ ರಕ್ಷಣಾ ದೋಣಿಯನ್ನು ಕರೆಯಬೇಕು. ದೋಣಿಯನ್ನು ಹಿಡಿದು ನಿಂತರೆ, ಅದರ ನೆರವಿನಿಂದ ಮುಂದಕ್ಕೆ ಸಾಗದಿರುವವರೆಗೆ, ಸ್ಪರ್ಧೆ ಕಳೆದುಹೋಗುವುದಿಲ್ಲ. ಮುಂದಿನ ಗುಂಪಿಗೆ ಜಾಗ ಬಿಟ್ಟು ಒಂದು ನಿಮಿಷ ತಡವಾಗಿ ನೀರಿಗಿಳಿದರೆ ಈ ಗಾಬರಿಯ ಬಹುಪಾಲು ತಪ್ಪುತ್ತದೆ.

ಸ್ಪರ್ಧೆಗೆ ಮುನ್ನ ನಾಲ್ಕೈದು ಬಾರಿಯಾದರೂ ತೆರೆದ ನೀರಿನಲ್ಲಿ ಈಜಿರಬೇಕು. ಅದಕ್ಕೆ ಮೂರು ಷರತ್ತುಗಳು: ಮಳೆಗಾಲ ಕಳೆದು ಕಡಲು ಶಾಂತವಾಗಿರಬೇಕು, ಜೀವರಕ್ಷಕರಿರುವ ತೀರವಾಗಿರಬೇಕು, ಬಲ್ಲವರ ಜೊತೆಯಿರಬೇಕು. ಸೆಳವಿಗೆ ಸಿಕ್ಕವರು ದಡದತ್ತ ನೇರವಾಗಿ ಹೋರಾಡಬಾರದು. ದಡಕ್ಕೆ ಸಮಾಂತರವಾಗಿ ಈಜಿ ಸೆಳವಿನಿಂದ ಹೊರಬಂದು ಆಮೇಲೆ ದಡ ಸೇರಬೇಕು. ಒಬ್ಬರೇ ಕಡಲಿಗೆ ಇಳಿಯುವುದು ಎಂಥ ಈಜುಗಾರರಿಗೂ ಸಲ್ಲದು.

ಸೈಕಲ್ ಮೇಲೆ

ಒಟ್ಟು ಸಮಯದ ಸುಮಾರು ಅರ್ಧ ಭಾಗ ಕಳೆಯುವುದು ಸೈಕಲ್ ಮೇಲೆ. ದುಬಾರಿ ಸೈಕಲ್ ಅನಿವಾರ್ಯವಲ್ಲ. ಸುಸ್ಥಿತಿಯಲ್ಲಿರುವ, ಸವಾರರ ಮೈಯಳತೆಗೆ ಹೊಂದಿಸಿದ ಸಾಧಾರಣ ರೋಡ್ ಬೈಕ್ ಸಾಕು. ಎರವಲು ತಂದುದಾದರೂ ಆಗಬಹುದು, ಆದರೆ ಕೊನೆಯ ವಾರದಲ್ಲಿ ತರಬಾರದು. ಸೀಟಿನ ಎತ್ತರದಲ್ಲಿ ಒಂದೆರಡು ಸೆಂಟಿಮೀಟರಿನ ವ್ಯತ್ಯಾಸವೂ ನಾಲ್ಕು ಗಂಟೆಯ ಕೊನೆಗೆ ಮೊಣಕಾಲಿಗೆ ತಿಳಿಯುತ್ತದೆ.

ನಿಯಮಗಳಲ್ಲಿ ಎರಡನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಸೈಕಲನ್ನು ನಿಲ್ದಾಣದ ಕಂಬಿಯಿಂದ ತೆಗೆಯುವ ಮೊದಲು ಹೆಲ್ಮೆಟಿನ ಪಟ್ಟಿ ಬಿಗಿದಿರಬೇಕು. ಮರಳಿ ಅಲ್ಲಿಟ್ಟ ಮೇಲೆಯೇ ಬಿಚ್ಚಬೇಕು. ಮುಂದಿನ ಸವಾರರ ಬೆನ್ನಿಗೆ ಅಂಟಿಕೊಂಡು ಗಾಳಿಯ ತಡೆ ತಪ್ಪಿಸಿಕೊಳ್ಳುವಂತಿಲ್ಲ. ಸುಮಾರು 12 ಮೀಟರ್ ಅಂತರ ಕಾಯ್ದುಕೊಳ್ಳಬೇಕು. ಹೊರಗಿನವರ ಸಹಾಯ ನಿಷಿದ್ಧವಾದುದರಿಂದ ಟ್ಯೂಬ್ ಬದಲಿಸುವುದನ್ನು ಮನೆಯಲ್ಲಿ ಹತ್ತು ಬಾರಿ ಮಾಡಿ ಕೈಪಳಗಿಸಿಕೊಂಡಿರಬೇಕು.

ಹೊಸಬರ ಯೋಜನೆ ಹೆಚ್ಚಾಗಿ ಕೆಡುವುದು ಮೊದಲ 30 ಕಿಲೋಮೀಟರಿನಲ್ಲಿ. ನೀರಿನಿಂದ ಪಾರಾದ ಉತ್ಸಾಹ, ಬೆಳಗಿನ ತಂಪು, ಮುಂದೆ ಸಾಗುವವರ ಸಾಲು ಇವೆಲ್ಲ ಸೇರಿ ವೇಗ ಹೆಚ್ಚಿಸಲು ಪ್ರೇರೇಪಿಸುತ್ತವೆ. ಅಲ್ಲಿ ಗಳಿಸಿದ ಐದು ನಿಮಿಷಕ್ಕೆ ಓಟದಲ್ಲಿ ಅದರ ಹಲವು ಪಟ್ಟು ತೆರಬೇಕಾದೀತು. ಉಸಿರಿನ ಲಯವೇ ಇಲ್ಲಿ ಮಾಪಕ. ಪೂರ್ಣ ವಾಕ್ಯವೊಂದನ್ನು ತಡವರಿಸದೆ ಹೇಳಲಾಗದಿದ್ದರೆ ಅಂದಿನ ವೇಗ ಹೆಚ್ಚಾಗಿದೆ ಎಂದೇ ಅರ್ಥ.

ಊಟದ ಲೆಕ್ಕ

ದೇಹವು ಸ್ನಾಯು ಮತ್ತು ಯಕೃತ್ತುಗಳಲ್ಲಿ ಕೂಡಿಡುವ ಸಕ್ಕರೆಯ ದಾಸ್ತಾನು ಸುಮಾರು 2,000 ಕ್ಯಾಲೊರಿಯಷ್ಟು. ಏಳೆಂಟು ಗಂಟೆಯ ಶ್ರಮಕ್ಕೆ ಅದು ಸಾಲದು. ಆದುದರಿಂದ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ತೆಗೆದುಕೊಳ್ಳಬೇಕೆಂಬುದು ಒಪ್ಪಿತ ಸಲಹೆ. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಸೈಕಲ್ ಮೇಲೆ ಕುಳಿತಾಗ ಹೊಟ್ಟೆ ಸ್ಥಿರವಾಗಿರುವುದರಿಂದ ಹೆಚ್ಚಿನ ಆಹಾರ ಅಲ್ಲಿಯೇ ಸಲ್ಲಬೇಕು. ಹಸಿವಿಗೆ ಕಾಯದೆ 20 ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ.

ಓಆರ್‌ಎಸ್ ಒಂದೇ ಸಾಕೆಂದು ಭಾವಿಸುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ದ್ರಾವಣದಲ್ಲಿರುವ ಗ್ಲೂಕೋಸ್ 13.5 ಗ್ರಾಂ ಮಾತ್ರ. ಅದು ಉಪ್ಪನ್ನು ತುಂಬಿಕೊಡಬಲ್ಲದು, ಶಕ್ತಿಯನ್ನಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಬೆವರಿನಲ್ಲಿ ಹೋಗುವ ಸೋಡಿಯಂ ಕಡಿಮೆ. ಹೀಗೆ ಪ್ರತಿಯೊಂದರ ಗುಣವನ್ನರಿತು ಜೋಡಿಸಿಕೊಳ್ಳಬೇಕು.

ನೀರು ಕಡಿಮೆಯಾದರೆ ಅಪಾಯವೆಂದು ಎಲ್ಲರೂ ಬಲ್ಲರು. ಹೆಚ್ಚಾದರೂ ಅಪಾಯವೆಂಬುದನ್ನು ಬಲ್ಲವರು ಕಡಿಮೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇಕಡ 13ರಷ್ಟು ಮಂದಿಯಲ್ಲಿ ಸೋಡಿಯಂ ಮಟ್ಟ ತಗ್ಗಿತ್ತು. ಅತಿಯಾಗಿ ನೀರು ಕುಡಿದು ಓಟದ ವೇಳೆ ತೂಕ ಹೆಚ್ಚಿಸಿಕೊಂಡವರಲ್ಲಿ ಇದು ಹೆಚ್ಚು ಕಂಡುಬಂತು. ಈ ಸ್ಥಿತಿ ತೀವ್ರವಾದರೆ ಪ್ರಾಣಾಂತಿಕ. ತಮ್ಮ ಅಗತ್ಯ ಅರಿಯಲು ಸುಲಭ ವಿಧಾನವೊಂದಿದೆ. ಒಂದು ಗಂಟೆಯ ಅಭ್ಯಾಸಕ್ಕೆ ಮೊದಲೂ ಆಮೇಲೂ ತೂಕ ನೋಡಬೇಕು. ಇಳಿದ ಪ್ರತಿ ಕಿಲೋಗ್ರಾಂ ಸುಮಾರು ಒಂದು ಲೀಟರ್ ಬೆವರಿಗೆ ಸಮ. ನಡುವೆ ಕುಡಿದ ನೀರನ್ನು ಅದಕ್ಕೆ ಕೂಡಿಸಿಕೊಳ್ಳಬೇಕು. ಆ ಪ್ರಮಾಣವನ್ನು ಮೀರಿ ಕುಡಿಯಬಾರದು. ಸ್ಪರ್ಧೆಯ ದಿನ ಹೊಸ ತಿನಿಸು, ಹೊಸ ಪಾನೀಯ, ಹೊಸ ಬೂಟು ಯಾವುದನ್ನೂ ಪ್ರಯೋಗಿಸಬಾರದು.

ಓಟ, ಮತ್ತು ನಿಲ್ಲುವ ನಿರ್ಧಾರ

ಸೈಕಲ್ ಇಳಿದೊಡನೆ ಕಾಲುಗಳು ತಮ್ಮವಲ್ಲವೆಂಬಂತೆ ಭಾರವಾಗುತ್ತವೆ. ಇದಕ್ಕೆ ಮದ್ದು ಜೋಡಿ ಅಭ್ಯಾಸ: ವಾರಕ್ಕೊಮ್ಮೆ ಉದ್ದನೆಯ ಸವಾರಿಯ ಬೆನ್ನಿಗೇ 15ರಿಂದ 30 ನಿಮಿಷ ಓಡುವುದು. ಬದಲಾವಣೆಯ ತಾಣದಲ್ಲಿ ಮಾಡಬೇಕಾದುದನ್ನೂ ಆಗಲೇ ಅಭ್ಯಸಿಸಬಹುದು. ಹೆಲ್ಮೆಟ್, ಕನ್ನಡಕ, ಕಾಲುಚೀಲ, ಬೂಟು, ಸಂಖ್ಯೆಯ ಪಟ್ಟಿ ಇವನ್ನು ಬಳಸುವ ಕ್ರಮದಲ್ಲೇ ಜೋಡಿಸಿಟ್ಟರೆ ಹುಡುಕಾಟ ತಪ್ಪುತ್ತದೆ.

ಓಟ ಆರಂಭವಾಗುವ ಹೊತ್ತಿಗೆ ಬಿಸಿಲೇರಿರುತ್ತದೆ. ಸೆಕೆಗೆ ದೇಹ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕಾಗುವುದರಿಂದ, ತಂಪು ಪ್ರದೇಶದವರು ಮುಂಚಿತವಾಗಿಯೇ ಹಗಲಿನ ಓಟವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿಕೊಳ್ಳಬೇಕು. ಪ್ರತಿ ನೀರಿನ ಕೇಂದ್ರದಲ್ಲೂ ನಡೆದು, ತಲೆಗೆ ನೀರು ಸುರಿದುಕೊಂಡು, ಮತ್ತೆ ಓಡುವುದು ಮೊದಲ ಸ್ಪರ್ಧಿಗೆ ಒಳ್ಳೆಯ ಕ್ರಮ.

ಯೋಜನೆಯಲ್ಲಿ ನಿಲ್ಲಬೇಕಾದ ಸ್ಥಳವೂ ಬರೆದಿರಬೇಕು. ಎದೆನೋವು, ಅಸಹಜ ಏದುಸಿರು, ತೂರಾಡುವ ಹೆಜ್ಜೆ, ಮಾತಿನ ತೊಡರು, ಗೊಂದಲ ಇವುಗಳಲ್ಲಿ ಒಂದು ಕಂಡರೂ ನಿಂತು ವೈದ್ಯಕೀಯ ನೆರವು ಪಡೆಯಬೇಕು. ಶಾಖಾಘಾತದ ಮೊದಲ ಪೆಟ್ಟು ಬೀಳುವುದು ವಿವೇಚನೆಯ ಮೇಲೆ. ಆದುದರಿಂದ ಈ ನಿರ್ಧಾರವನ್ನು ಆ ಗಳಿಗೆಗೆ ಬಿಡುವಂತಿಲ್ಲ. ತಣ್ಣಗೆ ಕುಳಿತು ಯೋಚಿಸಬಲ್ಲ ದಿನವೇ ಅದನ್ನು ಬರೆದು, ಜೊತೆಗೆ ಬರುವ ಗೆಳೆಯರಿಗೂ ಮನೆಯವರಿಗೂ ತಿಳಿಸಿರಬೇಕು. ಗಡುವಿಗೆ ಸಿಕ್ಕಿ ಹೊರಬಂದವರು ಮುಂದಿನ ವರ್ಷ ಮತ್ತೆ ಬರಬಹುದು.

ಹಣ ಮತ್ತು ಪ್ರಯಾಣ

ಪ್ರವೇಶ ಶುಲ್ಕ, ಪ್ರಯಾಣ, ವಸತಿ ಎಲ್ಲ ಸೇರಿದರೆ ವಿದ್ಯಾರ್ಥಿಗೆ ಇದು ಹಗುರವಾದ ಖರ್ಚಲ್ಲ. ಎರಡು ದಾರಿಗಳಿವೆ. 750 ಮೀಟರ್, 20 ಕಿಲೋಮೀಟರ್, 5 ಕಿಲೋಮೀಟರಿನ ಚಿಕ್ಕ ಸ್ಪರ್ಧೆಯನ್ನು ಮೊದಲು ಪೂರೈಸುವುದು ಒಂದು. ಮೂವರು ಗೆಳೆಯರು ಒಂದೊಂದು ಭಾಗವನ್ನು ಹಂಚಿಕೊಳ್ಳುವ ರಿಲೇ ವಿಭಾಗದಲ್ಲಿ ಸೇರುವುದು ಇನ್ನೊಂದು; ಗೋವೆಯಲ್ಲಿ ಈ ಅವಕಾಶ ಇದ್ದುಬಂದಿದೆ. ಸೈಕಲನ್ನು ರೈಲಿನಲ್ಲಿ ಒಯ್ಯುವವರು ಪಾರ್ಸೆಲ್ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು. ನೋಂದಣಿ, ಸೈಕಲ್ ಒಪ್ಪಿಸುವಿಕೆ ಮೊದಲಾದ ವಿಧಿಗಳು ಸ್ಪರ್ಧೆಗೆ ಮುನ್ನವೇ ಮುಗಿಯುವುದರಿಂದ ಎರಡು ದಿನ ಮೊದಲು ಊರು ತಲುಪಿರುವುದು ಕ್ಷೇಮ.

ಇಷ್ಟೆಲ್ಲಕ್ಕೂ ಆರಂಭ ಒಂದು ನೋಟುಪುಸ್ತಕದಿಂದ. ಅದರ ಮೊದಲ ಪುಟದಲ್ಲಿ ಮೂರು ಗಡುವುಗಳನ್ನು ಬರೆಯಬೇಕು. ಎರಡನೆಯ ಪುಟದಲ್ಲಿ ಇಂದಿನ ಸ್ಥಿತಿ: 400 ಮೀಟರ್ ಈಜಿಗೆ ತಗುಲಿದ ಸಮಯ, 20 ಕಿಲೋಮೀಟರ್ ಸವಾರಿಯ ಸಮಯ, 5 ಕಿಲೋಮೀಟರ್ ಓಟದ ಸಮಯ. ಉಳಿದ ಪುಟಗಳು ಆ ಎರಡು ಪುಟಗಳ ನಡುವಿನ ಅಂತರವನ್ನು ವಾರವಾರವೂ ದಾಖಲಿಸಲಿ. ಅದನ್ನು ಕನ್ನಡದಲ್ಲೇ ಬರೆದಿಟ್ಟರೆ, ಮುಂದಿನ ವರ್ಷ ಇದೇ ಊರಿನಿಂದ ಹೊರಡುವ ಮತ್ತೊಬ್ಬ ವಿದ್ಯಾರ್ಥಿಗೆ ಯಾವ ತಿಂಗಳಲ್ಲಿ ಕೊಳ ಸಿಕ್ಕಿತು, ಯಾವ ರಸ್ತೆ ಬೆಳಗ್ಗೆ ನಿರ್ಜನವಾಗಿತ್ತು, ಯಾವ ತಿನಿಸು ಹೊಟ್ಟೆಗೆ ಒಗ್ಗಿತು ಎಂಬುದು ಓದಲು ಸಿಗುತ್ತದೆ.